ಗೆಂಚೋ ಸತ್ತದ್ದೂ ಮಾಸ್ಕ್ವಿಚ್ ಬದುಕಿದ್ದೂ

ಇದು ನಡೆದದ್ದೇ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಚಳಿಗಾಲಕ್ಕೆಂದು ನಾನು ಊರಿಸಿಟ್ಟ ಉಪ್ಪಿನಕಾಯಿ ಪೀಪಾಯಿಗೆ ಬೂಷ್ಟು ಹಿಡಿಯಲಿ, ನನ್ನ ದ್ರಾಕ್ಷಿಯಿಂದ ಇಳಿಸಿದ ಸಾರಾಯಿ ಬಾಟಲಿಯಲ್ಲೇ ನೀರಾಗಲಿ. ಇದಕ್ಕಿಂತ ದೊಡ್ಡ ಆಣೆ ನಮ್ಮ ಬಲ್ಗೇರಿಯಾದಲ್ಲಿ ಇಲ್ಲ. ಅಷ್ಟಕ್ಕೂ ನಂಬಿಕೆ ಬಾರದಿದ್ದರೆ ಮರಿತ್ಸಾ ನದಿ ದಡದ ನಮ್ಮ ಊರಿಗೆ ಬಂದು ನಲವತ್ತಮೂರನೇ ಬ್ಲಾಕು ಎಲ್ಲಿ ಅಂತ ಕೇಳಿ. ಅಲ್ಲಿ ಸುಳ್ಳು ನಿಲ್ಲುವುದಿಲ್ಲ. ಗೋಡೆಗಳು ಎಷ್ಟು ತೆಳ್ಳಗೆ ಅಂದರೆ ಒಂದನೇ ಮಹಡಿಯಲ್ಲಿ ಒಬ್ಬ ಸೀನಿದರೆ ಎಂಟನೇ ಮಹಡಿಯವಳು "ಆರೋಗ್ಯವಾಗಿರಪ್ಪಾ" ಅನ್ನುತ್ತಾಳೆ.

ಆ ಬ್ಲಾಕಿನ ಎರಡನೇ ಮಹಡಿಯಲ್ಲಿ ಗೆಂಚೋ ಅಂತ ಒಬ್ಬ. ಡಬ್ಬಿ ಕಾರ್ಖಾನೆಯಲ್ಲಿ ಬಾಯ್ಲರ್ ಕಾಯ್ದು ನಿವೃತ್ತನಾದವನು. ಬಾಯ್ಲರಿಗೆ ಹೆದರದವನು ಮನುಷ್ಯರಿಗೆ ಹೆದರುತ್ತಿದ್ದ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ ಅವರು ಇಳಿಯುವ ಸ್ಟಾಪು ಬರುವ ತನಕ ಕಾಯುತ್ತಿದ್ದ. ಒಮ್ಮೆ ಹಾಗೆ ಕಾಯುತ್ತಾ ಪಕ್ಕದ ಜಿಲ್ಲೆಗೆ ಹೋಗಿ ಬಂದ.

ಅವನ ಮಾವ ಸತ್ತಾಗ ಆಸ್ತಿ ಮೂರು ಪಾಲಾಯಿತು. ಮಗನಿಗೆ ಮನೆ, ದೊಡ್ಡ ಮಗಳಿಗೆ ದ್ರಾಕ್ಷಿ ತೋಟ, ಗೆಂಚೋ ಹೆಂಡತಿ ದೋನ್ಕಾಗೆ ಮೊಟ್ಟೆ ಹಳದಿ ಬಣ್ಣದ ಒಂದು ಮಾಸ್ಕ್ವಿಚ್ ಕಾರು. ಆ ಕಾರನ್ನು ಬಾಮೈದ ಟ್ರಾಕ್ಟರಿಗೆ ಕಟ್ಟಿ ಎಳೆದು ತಂದು ಬ್ಲಾಕಿನ ಮುಂದೆ ನಿಲ್ಲಿಸಿದ. "ಟ್ರಾಕ್ಟರ್ ಯಾಕೋ?" ಅಂದರೆ "ಪೆಟ್ರೋಲ್ ಉಳೀಲಿ ಅಂತ ಭಾವ" ಅಂದ. ಗೆಂಚೋ ನಂಬಿದ.

ದೋನ್ಕಾ ಅವತ್ತು ಕಾರಿನ ಮೈ ಸವರಿ, "ನಮ್ಮಪ್ಪ ನನಗೆ ಅಂತ ಬಿಟ್ಟಿದ್ದು ಇದೊಂದೇ ಕಣೋ ಗೆಂಚೋ. ಇದನ್ನ ಜೋಪಾನವಾಗಿ ನೋಡಿಕೋ" ಅಂದಳು. ಗೆಂಚೋ ಎದೆ ಮುಟ್ಟಿಕೊಂಡು ಮಾತು ಕೊಟ್ಟ. ಮಾರನೆಯ ದಿನ ಕೀಲಿ ತಿರುಗಿಸಿದರೆ ಕಾರು ಒಂದು ಸಲ ಕೆಮ್ಮಿತು, ಅಷ್ಟೆ. "ವಸಂತಕ್ಕೆ ಸರಿ ಮಾಡ್ತೀನಿ" ಅಂದುಕೊಂಡ. ದೋನ್ಕಾಗೆ ಮಾತ್ರ, "ಕಾರು ಕುದುರೆ ಹಾಗಿದೆ. ಆದರೆ ಪೆಟ್ರೋಲ್ ಬೆಲೆ ನೋಡಿದೀಯಾ?" ಅಂತ ಹೇಳಿದ.

ವಸಂತ ಬಂತು, ಬ್ಯಾಟರಿ ಹೋಯಿತು. ಮರುವರ್ಷ ಬಾನೆಟ್ ಎತ್ತಿದರೆ ಕಾರ್ಬುರೇಟರ್ ಇದ್ದ ಜಾಗದಲ್ಲಿ ಜೇಡ ಸಂಸಾರ ಹೂಡಿತ್ತು. ಆಮೇಲೆ ಸ್ಪಾರ್ಕ್ ಪ್ಲಗ್ಗು, ಆಮೇಲೆ ಚಕ್ರಗಳು ಒಂದೊಂದಾಗಿ. ಒಂದು ವರ್ಷ ನೋಡಿದರೆ ಡ್ರೈವರ್ ಸೀಟೇ ಮಾಯ. ಗೆಂಚೋ ಯಾರನ್ನೂ ಕೇಳಲಿಲ್ಲ. ಕೇಳಿದರೆ ಕಾರು ಓಡುವುದಿಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತದೆ, ಅದು ತೆಳ್ಳನೆ ಗೋಡೆ ದಾಟಿ ದೋನ್ಕಾಳ ಕಿವಿಗೆ ಬೀಳುತ್ತದೆ. ಚಕ್ರ ಹೋದ ಕಡೆ ಇಟ್ಟಿಗೆ ಇಟ್ಟ. ದೋನ್ಕಾ ನೋಡಿ "ಇದೇನು?" ಅಂದದ್ದಕ್ಕೆ "ಟೈರಿಗೆ ವಿಶ್ರಾಂತಿ" ಅಂದ. ಹಿಂದಿನ ಸೀಟಿನ ಮೇಲೆ ಒಂದು ನೀಲಿ ಪೀಪಾಯಿ ಇಟ್ಟು, ಹೂಕೋಸು, ಗಜ್ಜರಿ, ಹಸಿ ಟೊಮೆಟೊ ಉಪ್ಪುನೀರಿನಲ್ಲಿ ಊರಿಸುತ್ತಿದ್ದ. ಹೀಗೆ ಹನ್ನೊಂದು ವರ್ಷ ಕಳೆದವು.

ಹನ್ನೆರಡನೇ ವರ್ಷದ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಗಂಡ ಹೆಂಡತಿ ಹಳ್ಳಿಗೆ ಹೊರಟರು. ದೋನ್ಕಾಳ ಅಕ್ಕನ ತೋಟದಲ್ಲಿ ದ್ರಾಕ್ಷಿ ಕೊಯ್ಲು, ಆಮೇಲೆ ಸಾರಾಯಿ ಬಟ್ಟಿ ಇಳಿಸುವುದು, ಎಲ್ಲಾ ಸೇರಿ ಎರಡು ವಾರದ ಕೆಲಸ. ಗೆಂಚೋ ಮೊದಲು ಕೆಳಗಿಳಿದ. ನೋಡಿದರೆ ಕಾರಿನ ಮುಂದಿನ ಗಾಜಿನ ಮೇಲೆ ಅಂಗೈ ಅಗಲದ ಕೆಂಪು ಚೀಟಿ. ಪುರಸಭೆಯದು.

"ಈ ವಾಹನವು ವಾಸದ ಬ್ಲಾಕುಗಳ ನಡುವೆ ಬಳಕೆಯಿಲ್ಲದೆ ನಿಂತಿದೆ. ಹದಿನಾಲ್ಕು ದಿನಗಳೊಳಗೆ ತೆರವು ಮಾಡದಿದ್ದಲ್ಲಿ ಗುಜರಿಗೆ ಸಾಗಿಸಲಾಗುವುದು. ತನ್ನದೇ ಶಕ್ತಿಯಿಂದ ಹತ್ತು ಮೀಟರು ಚಲಿಸಿ ತೋರಿಸುವ ವಾಹನಕ್ಕೆ ಇದು ಅನ್ವಯಿಸುವುದಿಲ್ಲ."

ಮೆಟ್ಟಿಲ ಮೇಲೆ ದೋನ್ಕಾಳ ಚಪ್ಪಲಿ ಸದ್ದು ಕೇಳಿಸುತ್ತಿತ್ತು. ಗೆಂಚೋ ಚೀಟಿ ಕೀಳಲು ನೋಡಿದ, ಬರಲಿಲ್ಲ. ಪುರಸಭೆಯವರು ರಸ್ತೆಗೆ ಹಾಕುವ ಡಾಂಬರಿಗಿಂತ ಚೀಟಿಗೆ ಹಾಕುವ ಗೋಂದು ಗಟ್ಟಿ. ಆಗ ಕೈಯಲ್ಲಿದ್ದ ಚೀಲ ನೆನಪಾಯಿತು. ಅದರಲ್ಲಿ ಅವನ ತಾತನ ಕಪ್ಪಂಚಿನ ಕಾಗದಗಳಿದ್ದವು. ನಮ್ಮಲ್ಲಿ ಮನುಷ್ಯ ಸತ್ತರೆ ಅವನ ಫೋಟೋ ಹಾಕಿದ ಕಪ್ಪಂಚಿನ ಕಾಗದ ಬಾಗಿಲು, ಕಂಬ, ಮರ, ಬಸ್‌ ಸ್ಟಾಪು ಎಲ್ಲದಕ್ಕೂ ಅಂಟುತ್ತದೆ. ಆಮೇಲೆ ನಲವತ್ತು ದಿನಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ, ಹತ್ತು ವರ್ಷಕ್ಕೆ ಮತ್ತೆ ಮತ್ತೆ ಅಂಟುತ್ತಲೇ ಇರುತ್ತದೆ. ಬದುಕಿದ್ದಾಗ ಒಂದು ಫೋಟೋ ತೆಗೆಸದವನೂ ಸತ್ತ ಮೇಲೆ ಊರೆಲ್ಲಾ ಕಾಣುತ್ತಾನೆ. ಗೆಂಚೋನ ತಾತ ಸತ್ತು ಮೂವತ್ತು ವರ್ಷವಾಗಿತ್ತು. ಹಳ್ಳಿಯಲ್ಲಿ ಅಂಟಿಸಲು ಹದಿನೈದು ಪ್ರತಿ ಮಾಡಿಸಿದ್ದ. ಮೊಮ್ಮಗನಿಗೆ ತಾತನ ಹೆಸರೇ ಇಡುವುದು ನಮ್ಮಲ್ಲಿ ಪದ್ಧತಿ, ಹಾಗಾಗಿ ತಾತನೂ ಗೆಂಚೋನೇ. ಅದೇ ಮನೆತನದ ಹೆಸರು, ಅದೇ ಮೀಸೆ, ಅದೇ ಟೋಪಿ. ಜೆರಾಕ್ಸಿನಲ್ಲಿ ಮುಖ ಮಸಿಯಾಗಿ ಮೀಸೆ ಮತ್ತು ಟೋಪಿ ಮಾತ್ರ ಉಳಿದಿದ್ದವು.

ಗೆಂಚೋ ಒಂದು ಕಾಗದ ಎಳೆದು ಕೆಂಪು ಚೀಟಿಯ ಮೇಲೆ ಅಂಟಿಸಿದ.

ದೋನ್ಕಾ ಬಂದಳು. "ತಾತನ್ನ ಯಾಕೋ ಕಾರಿಗೆ ಅಂಟಿಸಿದೀಯ?"

"ತಾತಂಗೆ ಕಾರು ಅಂದ್ರೆ ಪ್ರಾಣ."

"ಆ ಮನುಷ್ಯ ಜನ್ಮದಲ್ಲಿ ಕತ್ತೆ ಬಿಟ್ಟು ಬೇರೇನೂ ಹತ್ತಿರಲಿಲ್ಲ."

"ಅದಕ್ಕೇ. ಆಸೆ ಹಾಗೇ ಉಳೀತು, ಪಾಪ."

ದೋನ್ಕಾ ಅವನನ್ನು ಮೇಲಿಂದ ಕೆಳಗೆ ನೋಡಿ, ಬಸ್ಸಿಗೆ ಹೊತ್ತಾಯಿತು ಅಂತ ಬಿಟ್ಟಳು.

ಹಳ್ಳಿಯಲ್ಲಿ ಗೆಂಚೋ ಹದಿಮೂರು ದಿನ ಕಳೆದ. ದ್ರಾಕ್ಷಿ ಕೊಯ್ದರೂ ಕೆಂಪು ಚೀಟಿ, ಬಟ್ಟಿ ಉರಿಸಿದರೂ ಕೆಂಪು ಚೀಟಿ. ಕಾರಿನ ಹೊಟ್ಟೆಯಲ್ಲಿ ಒಂದು ತಿರುಪೂ ಇಲ್ಲ, ಹತ್ತು ಮೀಟರು ಎಲ್ಲಿಂದ ಓಡಿಸುವುದು? ಕಾರು ಹೋದರೆ ಹೋಗಲಿ, ಆದರೆ ದೋನ್ಕಾಳ ಮುಖ ಹೇಗೆ ನೋಡುವುದು? ಅವಳಪ್ಪ ಬಿಟ್ಟ ಒಂದೇ ಒಂದು ವಸ್ತುವನ್ನು ತಾನು ಹನ್ನೊಂದು ವರ್ಷ ಸುಳ್ಳು ಹೇಳಿಕೊಂಡು ಕೊಳೆಸಿದೆ ಅಂತ ಯಾವ ಬಾಯಲ್ಲಿ ಹೇಳುವುದು? ಹದಿನಾಲ್ಕನೇ ದಿನ ಬೆಳಿಗ್ಗೆ, "ಸಾರಾಯಿಗೆ ದೊಡ್ಡ ಗಾಜಿನ ಜಾಡಿ ಸಾಲದು, ಕಾರಿನ ಡಿಕ್ಕಿಯಲ್ಲಿರೋದನ್ನ ತರ್ತೀನಿ" ಅಂತ ಹೇಳಿ ಮೊದಲ ಬಸ್ಸು ಹತ್ತಿದ. ಕಾರಿನ ಮುಂದೆ ನಿಂತು ಪುರಸಭೆಯ ಇನ್ಸ್‌ಪೆಕ್ಟರ ಕಾಲಾದರೂ ಹಿಡಿಯಬೇಕು ಅಂತ ಅವನ ಲೆಕ್ಕ.

ಬ್ಲಾಕಿನ ಮುಂದೆ ಬಂದವನು ಕಣ್ಣುಜ್ಜಿಕೊಂಡ. ಕಾರು ಎತ್ತರವಾಗಿತ್ತು. ಬಗ್ಗಿ ನೋಡಿದ. ಇಟ್ಟಿಗೆಗಳಿಲ್ಲ. ನಾಲ್ಕೂ ಚಕ್ರ ಇವೆ! ಅದರಲ್ಲಿ ಒಂದು ಹೊಸದು, ಇನ್ನೂ ಅಂಗಡಿಯ ಚೀಟಿ ಅಂಟಿಕೊಂಡಿದೆ.

ಆಗಲೇ ಬಾಗಿಲ ಕಡೆಯಿಂದ ವೆಲಿಚ್ಕಾ ಅತ್ತೆಯ ಏದುಸಿರು ಕೇಳಿಸಿತು. ವೆಲಿಚ್ಕಾ ಅತ್ತೆ ನಮ್ಮ ಬ್ಲಾಕಿನ ಮೇಲ್ವಿಚಾರಕಿ, ಎಪ್ಪತ್ತು ದಾಟಿದ ವಿಧವೆ. ಮೆಟ್ಟಿಲು ತೊಳೆಯುವ ಸರದಿ ತಪ್ಪಿಸಿದವನನ್ನು ಬೈದರೆ ಅವನ ಸತ್ತ ಅಜ್ಜಿಯೂ ಎದ್ದು ಬಂದು ತೊಳೆದು ಹೋಗಬೇಕು. ಗೆಂಚೋಗೆ ತನ್ನ ಸರದಿ ತಪ್ಪಿದ್ದು ನೆನಪಾಗಿ, ಹಿಂದಿನ ಬಾಗಿಲು ತೆಗೆದು ಒಳಗೆ ನುಗ್ಗಿ, ಪೀಪಾಯಿ ಪಕ್ಕ ಮುದುರಿ, ಅದಕ್ಕೆ ಹೊದಿಸಿದ್ದ ಕಂಬಳಿ ಎಳೆದುಕೊಂಡ.

ಮುಂದಿನ ಬಾಗಿಲು ತೆರೆಯಿತು. ಏನೋ ಭಾರವಾದದ್ದು ಒಳಗೆ ಬಂತು. ಕಂಬಳಿಯ ತೂತಿನಿಂದ ನೋಡಿದರೆ ಕಾರಿನ ಡ್ರೈವರ್ ಸೀಟು! ಅದಕ್ಕೆ ಬಿಳಿ ಕಸೂತಿಯ ಗವಸು ಬೇರೆ.

"ಎರಡು ಪೀಪಾಯಿ ಹಾಕಿದ್ದನಾ ಈ ವರ್ಷ?" ಅಂದಳು ವೆಲಿಚ್ಕಾ ಅತ್ತೆ, ಹಿಂದಿನ ಸೀಟಿನ ಎರಡು ಗುಡ್ಡೆ ನೋಡಿ. "ತಿನ್ನೋಕೆ ಋಣ ಇರಲಿಲ್ಲ, ಪಾಪದ್ದು." ಸೀಟನ್ನು ಜಾಗಕ್ಕೆ ಕೂರಿಸಿ, ತಾನೂ ಅದರ ಮೇಲೆ ಕೂತು, ಗಾಜಿನ ಮೇಲಿನ ಕಪ್ಪಂಚಿನ ಕಾಗದದ ಕಡೆ ತಿರುಗಿ ಶುರು ಮಾಡಿದಳು.

"ಗೆಂಚೋ, ಮಗಾ, ನಿನ್ನ ಸೀಟು ಎಂಟು ವರ್ಷ ನನ್ನ ಬಾಲ್ಕನೀಲಿತ್ತು ಕಣೋ. ಬೆನ್ನು ನೋವಿಗೆ ಅಂಥಾ ಸೀಟು ಇನ್ನೊಂದಿಲ್ಲ. ಕೇಳಿದ್ರೆ ಕೊಡ್ತಿದ್ದೆ, ನೀನು ಕೇಳಲಿಲ್ಲ. ಲಿಫ್ಟು ಕೆಟ್ಟಿದ್ದ ಚಳಿಗಾಲ ನನ್ನ ಫ್ರಿಜ್ಜು ಏಳನೇ ಮಹಡಿಗೆ ಬೆನ್ನ ಮೇಲೆ ಹೊತ್ತವನು ನೀನು. ನಾನು ಅದಕ್ಕೆ ಥ್ಯಾಂಕ್ಸ್ ಅಂದ್ನಾ? ಗೋಡೆಗೆ ಗೀರು ಬಿತ್ತು ಅಂತ ಬೈದೆ. ನಿನ್ನಂಥ ಚಿನ್ನದಂಥ ಮನುಷ್ಯ ಈ ಬ್ಲಾಕಲ್ಲಿ ಇರಲಿಲ್ಲ. ದೇವರು ನಿನ್ನ ಕ್ಷಮಿಸಲಿ, ನೀನು ನನ್ನ ಕ್ಷಮಿಸು."

ಗೆಂಚೋಗೆ ಆಗ ಹೊಳೆಯಿತು, ತಾನು ಸತ್ತಿದ್ದೇನೆ ಅಂತ. ಕಂಬಳಿಯೊಳಗೆ ಅವನ ಕಣ್ಣಲ್ಲಿ ನೀರು ಬಂತು. ಚಿನ್ನದಂಥ ಮನುಷ್ಯ! ಅರವತ್ತೆರಡು ವರ್ಷದಲ್ಲಿ ಒಬ್ಬರೂ ಅವನನ್ನು ಯಾವ ಲೋಹಕ್ಕೂ ಹೋಲಿಸಿರಲಿಲ್ಲ. ಎದ್ದು ಅವಳ ಕೈ ಹಿಡಿಯೋಣ ಅಂತ ಕಂಬಳಿಗೆ ಕೈ ಹಾಕಿದ. ಅಷ್ಟರಲ್ಲಿ ಅವಳು ಅಂದಳು:

"ಹನ್ನೊಂದು ಗಂಟೆಗೆ ಕ್ರೇನು ಬರುತ್ತೆ ಅಂತ ಪುರಸಭೆಯವರು ಹೇಳಿದಾರೆ. ಎಲ್ಲರಿಗೂ ಹೇಳಿದೀನಿ. ಸತ್ತವನನ್ನ ಒಳ್ಳೆ ಸೂಟು ಹಾಕಿ ಕಳಿಸ್ತೀವಿ. ಅವನ ಕಾರನ್ನ ಬೆತ್ತಲೆ ಕಳಿಸಿದ್ರೆ ಬ್ಲಾಕಿನ ಮರ್ಯಾದೆ ಏನಾಗಬೇಕು? ಯಾರು ಯಾರು ಏನೇನು ಬಿಚ್ಚಿದ್ರೋ ಎಲ್ಲ ತಂದು ಹಾಕಬೇಕು. ರಾಂಗೆಲ್ ಬ್ಯಾಟರಿ ತರ್ತಾನೆ. ಮೇಷ್ಟ್ರು ಅದೇನೋ ಕಾರ್ಬುರೇಟರ್ ಅಂತೆ, ತರ್ತಾರೆ."

ಗೆಂಚೋನ ಕೈ ಕಂಬಳಿಯಲ್ಲೇ ನಿಂತಿತು. ಅವನು ಹೆಚ್ಚು ಯೋಚಿಸುವವನಲ್ಲ, ಆದರೆ ಇಷ್ಟು ಲೆಕ್ಕ ಯಾರಿಗೂ ಬರುತ್ತದೆ. ಈಗ ಬದುಕಿದರೆ ಒಂದು ಸೀಟು. ಇನ್ನೊಂದು ಗಂಟೆ ಸತ್ತಿದ್ದರೆ ಒಂದು ಕಾರು. ಗೆಂಚೋ ಸತ್ತೇ ಇರುವುದು ಅಂತ ತೀರ್ಮಾನಿಸಿದ.

ವೆಲಿಚ್ಕಾ ಅತ್ತೆ ಸ್ಟಿಯರಿಂಗಿನ ಮುಂದೆ ಒಂದು ಬಟ್ಟಲು ಇಟ್ಟು ಹೋದಳು. ಸತ್ತವರ ಹೆಸರಿನಲ್ಲಿ ಮಾಡುವ, ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ. ಮೇಲೆ ಅಕ್ರೋಟು, ನೆಟ್ಟಗೆ ನಿಲ್ಲಿಸಿದ ಚಮಚ. ಗೆಂಚೋ ಕತ್ತಲಿರುವಾಗಲೇ ಎದ್ದು ಬಸ್ಸು ಹತ್ತಿದವನು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಕಂಬಳಿಯಿಂದ ಕೈ ಚಾಚಿದ. ತನ್ನದೇ ತಿಥಿ ಊಟ ತಾನೇ ಉಂಡವರು ಕಮ್ಮಿ. ಚೆನ್ನಾಗಿತ್ತು, ಸಕ್ಕರೆ ಮಾತ್ರ ಒಂದು ಗುಲಗಂಜಿ ಹೆಚ್ಚು ಅಂತ ಆಮೇಲೆ ನನ್ನ ಹತ್ತಿರ ಹೇಳಿದ.

ಐದು ನಿಮಿಷಕ್ಕೆ ಮೂರನೇ ಮಹಡಿಯ ರಾಂಗೆಲ್ ಬ್ಯಾಟರಿ ಹೊತ್ತು ಬಂದ. ಬಾಡಿಗೆ ಕಾರು ಓಡಿಸುವವನು, ಎತ್ತಿನಂಥ ಆಳು. ಹಿಂದೆಯೇ ಭೂಗೋಳದ ನಿವೃತ್ತ ಮೇಷ್ಟ್ರು ಪಾಂತೆಲೇ, ಬಿಳಿ ಕರವಸ್ತ್ರದಲ್ಲಿ ಸುತ್ತಿದ ಕಾರ್ಬುರೇಟರನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಬಂದರು.

ರಾಂಗೆಲ್ ಒಳಗೆ ಇಣುಕಿ ಹಿಂದಕ್ಕೆ ನೆಗೆದ. "ಮೇಷ್ಟ್ರೇ! ಗೋಧಿ ಖಾಲಿ!"

"ಗುಬ್ಬಚ್ಚಿ ತಿಂದಿರ್ತಾವೆ ಕಣಯ್ಯಾ."

"ಗುಬ್ಬಚ್ಚಿ ತಿಂದು ಚಮಚ ನೆಕ್ಕಿ ಇಡುತ್ತಾ? ಬಂದಿದಾನೆ ಮೇಷ್ಟ್ರೇ. ಅವನೇ ಬಂದಿದಾನೆ. ನಲವತ್ತು ದಿನ ಇಲ್ಲೇ ಸುತ್ತುತ್ತಾ ಇರ್ತಾನೆ, ವೆಲಿಚ್ಕಾ ಅತ್ತೆ ಹೇಳಲಿಲ್ವಾ?"

"ವೈಜ್ಞಾನಿಕವಾಗಿ ಅದು ಸಾಧ್ಯವಿಲ್ಲ" ಅಂದರು ಮೇಷ್ಟ್ರು. ಆದರೆ ಟೋಪಿ ತೆಗೆದರು.

ರಾಂಗೆಲ್ ಗಾಜಿನ ಮೇಲಿನ ಮೀಸೆಗೆ ಕೈ ಮುಗಿಯುವುದೊಂದು ಬಾಕಿ. "ಗೆಂಚಣ್ಣಾ, ಒಂದು ರಾತ್ರಿಗೆ ಅಂತ ತಗೊಂಡೆ. ನನ್ನ ಹೆಂಡ್ತಿಗೆ ನೋವು ಶುರುವಾಗಿತ್ತು, ನನ್ನ ಗಾಡಿ ಏಳಲಿಲ್ಲ. ನಿನ್ನ ಬ್ಯಾಟರಿ ಹಾಕ್ಕೊಂಡೇ ಆಸ್ಪತ್ರೆಗೆ ಹೋದ್ವಿ. ಮಗಳಿಗೆ ಈಗ ಹತ್ತು ವರ್ಷ. ಹೇಳೋಣ ಹೇಳೋಣ ಅಂತ ದಿನ ದೂಡಿದೆ. ನಿನ್ನ ಬ್ಯಾಟರಿ ಯಾವತ್ತೋ ಸತ್ತುಹೋಯ್ತು. ಇದು ಹೊಸದು, ಹೋದ ವಾರ ತಂದಿದ್ದು. ನನ್ನ ಹಿಂದೆ ಬರಬೇಡ ಅಣ್ಣಾ, ಮಗು ಹೆದರ್ಕೊಳುತ್ತೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಗೆಂಚೋ ಅವರೇ, ನಾನು ಕಳ್ಳನಲ್ಲ. ಬಳಸದ ವಸ್ತು ತುಕ್ಕು ಹಿಡಿಯುತ್ತೆ, ಅದು ನಿಸರ್ಗದ ನಿಯಮ. ನಿಮ್ಮ ಕಾರ್ಬುರೇಟರ್ ನನ್ನ ಮಾಸ್ಕ್ವಿಚ್ಚಿಗೆ ಹಾಕಿದ್ದೆ. ಅದು ಸರಿಯಿರಲಿಲ್ಲ ಅನ್ನೋದನ್ನ ದುಃಖದಿಂದ ತಿಳಿಸ್ತೀನಿ. ಈಗ ತಂದಿರೋದು ನನ್ನ ಸ್ವಂತದ್ದು. ಪ್ರತಿ ವಸಂತದಲ್ಲೂ ಹಲ್ಲುಜ್ಜೋ ಬ್ರಷ್ಷಿನಲ್ಲಿ ತೊಳೆದಿದೀನಿ. ಪ್ಲಗ್ಗುಗಳೂ ಇವೆ. ಜನರೆದುರು ಹೇಳೋಕೆ ನಾಚಿಕೆಯಾಗ್ತಿತ್ತು. ನಿಮಗೆ ಹೇಳೋದು ಸುಲಭ, ನೀವು ಬದುಕಿದ್ದಾಗಲೂ ಎದುರು ಮಾತಾಡಿದವರಲ್ಲ." ಅಷ್ಟು ಹೇಳಿ ಮೇಷ್ಟ್ರು ಬಾನೆಟ್ಟಿನೊಳಗೆ ತಲೆ ತೂರಿಸಿ ಅಳುತ್ತಾ ತಿರುಪು ಬಿಗಿದರು.

ರಾಂಗೆಲ್ ಖಾಲಿ ಬಟ್ಟಲನ್ನು ಮತ್ತೊಮ್ಮೆ ನೋಡಿದ. ಏನನ್ನಿಸಿತೋ, ಓಡಿಹೋಗಿ ಪೆಟ್ರೋಲ್ ಡಬ್ಬಿ ತಂದು ಟ್ಯಾಂಕಿಗೆ ಸುರಿದ. "ಇದನ್ನೂ ಆಗಾಗ ಹೀರಿದ್ದೆ ಅಣ್ಣಾ" ಅಂದ.

ಸುದ್ದಿ ಬ್ಲಾಕೆಲ್ಲ ಹಬ್ಬಿತು. ಗೆಂಚೋ ಬಂದು ಗೋಧಿ ತಿಂದಿದ್ದಾನೆ! ಆಮೇಲೆ ಜನ ಸಾಲುಗಟ್ಟಿ ಬಂದರು. ಒಬ್ಬ ಮಳೆ ಒರೆಸುವ ಕಡ್ಡಿ ತಂದ. ಒಬ್ಬಳು ಎರಡೂ ದೀಪ ತಂದಳು. ಕ್ಷೌರಿಕ ಒಳಗಿನ ಕನ್ನಡಿ ತಂದು ಅದರಲ್ಲಿ ಮುಖ ನೋಡಿಕೊಳ್ಳದೆ ಸಿಕ್ಕಿಸಿ ಓಡಿದ. ಯಾವತ್ತೂ ಏನೂ ತೆಗೆದುಕೊಂಡಿರದ ಐದನೇ ಮಹಡಿಯ ಮುದುಕಿ, ಸುಮ್ಮನಿದ್ದರೆ ಜನ ಏನಂದುಕೊಳ್ಳುತ್ತಾರೋ ಅಂತ, ತನ್ನ ಮನೆಯ ಒಂದು ಕಾಲೊರಸು ತಂದು ಕಾರಿನೊಳಗೆ ಹಾಸಿದಳು. ನಾನೂ ಹೋಗಿದ್ದೆ. ನಾನು ಏನು ಕೊಟ್ಟೆ ಅನ್ನೋದು ಕಥೆಗೆ ಬೇಕಿಲ್ಲ. ಹೋದವರೆಲ್ಲ ಒಂದೊಂದು ಒಳ್ಳೆ ಮಾತು ಆಡಿ ಬಂದೆವು. ಕಂಬಳಿಯೊಳಗೆ ಗೆಂಚೋನ ಅಂಗಿಯ ಕಾಲರು ಕಣ್ಣೀರಿಗೆ ನೆನೆದಿತ್ತು. ಇವರಿಗೆಲ್ಲ ಹೇಗೆ ಮುಖ ತೋರಿಸುವುದು ಅಂತ ಒಂದು ಕಡೆ, ಇನ್ನೂ ಏನೇನು ಬರಬಹುದು ಅಂತ ಇನ್ನೊಂದು ಕಡೆ.

ಬಂದದ್ದು ಕ್ರೇನು.

ಹನ್ನೊಂದಕ್ಕೆ ಸರಿಯಾಗಿ ಇನ್ಸ್‌ಪೆಕ್ಟರ್ ಚವ್ದಾರ್ ಇಳಿದ. ತೆಳ್ಳನೆ ಮನುಷ್ಯ, ಕಂಕುಳಲ್ಲಿ ಫೈಲು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ಕಪ್ಪಂಚಿನ ಕಾಗದ ನೋಡಿ ಟೋಪಿ ತೆಗೆದ. ಆಮೇಲೆ ಅದರ ಅಂಚಿನಡಿ ಇಣುಕುತ್ತಿದ್ದ ಕೆಂಪು ಚೀಟಿ ನೋಡಿ ಟೋಪಿ ಹಾಕಿಕೊಂಡ.

ವೆಲಿಚ್ಕಾ ಅತ್ತೆ ಕಾರಿಗೆ ಅಡ್ಡ ನಿಂತಳು. ಕಾರಿನ ಶೃಂಗಾರ ಮುಗಿಯುವ ಹೊತ್ತಿಗೆ ಅವಳಿಗೆ ಅದನ್ನು ಕಳಿಸುವ ಮನಸ್ಸೇ ಹೋಗಿತ್ತು. "ನಲವತ್ತು ದಿನ ತುಂಬೋ ತನಕ ಮುಟ್ಟಬೇಡ ಮಗಾ. ಅವನು ಇಲ್ಲೇ ಇದಾನೆ."

"ಅಮ್ಮಾ, ನಿಯಮದಲ್ಲಿ ನಲವತ್ತಿಲ್ಲ. ಹದಿನಾಲ್ಕು."

"ಸತ್ತವನಿಗೂ ಹದಿನಾಲ್ಕಾ?"

"ನಿಯಮದಲ್ಲಿ ಸತ್ತವನು, ಬದುಕಿದವನು ಅಂತ ಇಲ್ಲ. ವಾಹನ ಅಂತ ಇದೆ. ಹತ್ತು ಮೀಟರು ಓಡುತ್ತಾ? ಓಡಿಸಿ ತೋರಿಸಿ, ನಾನೇ ಚೀಟಿ ಕೆರೆದು ಹಾಕ್ತೀನಿ."

"ಓಡುತ್ತೆ!" ಅಂದ ರಾಂಗೆಲ್. "ಎಲ್ಲಾ ಹಾಕಿದೀವಿ! ಕೀಲಿ ಕೊಡಿ ಯಾರಾದ್ರೂ!"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮಿಕ್ಕಿದ್ದೆಲ್ಲ ಕದ್ದಿದ್ದೆವು, ಕೀಲಿ ಕದ್ದಿರಲಿಲ್ಲ.

"ಕೀಲಿ ಅವನ ಜೊತೆ ಮಣ್ಣಾಗಿರುತ್ತೆ" ಅಂತ ಮೇಷ್ಟ್ರು ನಿಟ್ಟುಸಿರು ಬಿಟ್ಟರು.

ಕಂಬಳಿಯಡಿ ಗೆಂಚೋನ ಜೇಬಿನಲ್ಲಿ ಕೀಲಿ ಕೆಂಡದ ಹಾಗೆ ಸುಡುತ್ತಿತ್ತು. ಈಗ ಏಳಬೇಕು. ಎದ್ದರೆ ನಲವತ್ತು ಜನ ಅಲ್ಲೇ ಎದೆ ಒಡೆದು ಸಾಯುತ್ತಾರೆ, ಉಳಿದವರು ಅವನನ್ನು ಸಾಯಿಸುತ್ತಾರೆ. "ಮೂರು ಎಣಿಸಿ ಏಳ್ತೀನಿ" ಅಂದುಕೊಂಡ. ಎರಡಕ್ಕೆ ಕೊಕ್ಕೆ ಬಿತ್ತು. ಎರಡೂವರೆಗೆ ಕಾರಿನ ಮೂತಿ ಮೇಲಕ್ಕೆದ್ದಿತು. ಪೀಪಾಯಿ ವಾಲಿತು, ಮುಚ್ಚಳ ಹಾರಿತು, ಐವತ್ತು ಲೀಟರು ತಣ್ಣನೆ ಉಪ್ಪುನೀರು ಹೂಕೋಸು ಗಜ್ಜರಿ ಸಮೇತ ಗೆಂಚೋನ ತಲೆಯ ಮೇಲೆ ಇಳಿಯಿತು.

"ಅಯ್ಯಯ್ಯಮ್ಮಾ!" ಅಂತ ಸತ್ತವನು ಅರಚಿದ.

ಗಾಜಿನ ಹೊರಗೆ ಮೀಸೆ ಟೋಪಿಯ ಕಾಗದ, ಅದರ ಹಿಂದೆಯೇ ಗಾಜಿನ ಒಳಗೆ ನೀರು ಸೋರುವ ಅದೇ ಮೀಸೆ, ಕಿವಿಯ ಮೇಲೊಂದು ಹೂಕೋಸು. ಆ ಕ್ಷಣ ನಲವತ್ತಮೂರನೇ ಬ್ಲಾಕು ಹಾಕಿದ ಕೂಗಿಗೆ ನದಿಯಾಚೆ ಇಗರ್ಜಿಯವನು ಹೊತ್ತಿಗೆ ಮುಂಚೆ ಗಂಟೆ ಹೊಡೆದ ಅನ್ನುತ್ತಾರೆ. ಕ್ರೇನಿನವನು ಕ್ರೇನು ಬಿಟ್ಟು ಓಡಿದ. ಕೊಕ್ಕೆ ಕಳಚಿ ಕಾರು ಧೊಪ್ಪನೆ ಕೆಳಗೆ ಬಿತ್ತು. ಮೇಷ್ಟ್ರು ಮೂರು ಸಲ ಶಿಲುಬೆ ಗುರುತು ಹಾಕಿಕೊಂಡು, "ವೈಜ್ಞಾನಿಕವಾಗಿ..." ಅಂದು ಅಲ್ಲೇ ಕೂತುಬಿಟ್ಟರು.

ವೆಲಿಚ್ಕಾ ಅತ್ತೆ ಒಬ್ಬಳೇ ಜಾಗ ಬಿಡಲಿಲ್ಲ. ಹತ್ತಿರ ಹೋಗಿ ಗೆಂಚೋನ ಕೆನ್ನೆ ಹಿಂಡಿ ನೋಡಿದಳು. "ಬಿಸಿ ಇದೆ" ಅಂದಳು. ಆಮೇಲೆ ಅದೇ ಕೆನ್ನೆಗೆ ಒಂದು ಬಿಟ್ಟಳು. "ಭಂಡ! ನನ್ನ ಬಾಯಲ್ಲಿ ಒಳ್ಳೆ ಮಾತು ಹೊರಡಿಸ್ಕೊಂಡು ಒಳಗೆ ಕೂತು ಗೋಧಿ ತಿಂತಿದ್ಯಾ? ಸತ್ತ ಮೇಲೆ ಸತ್ತ ಹಾಗೆ ಇರೋಕಾಗಲ್ವಾ ನಿಂಗೆ?"

"ನಾನೆಲ್ಲಿ ಸತ್ತೆ ಅತ್ತೆ? ಅದು ನಮ್ಮ ತಾತ. ಮೂವತ್ತು ವರ್ಷ ಅಂತ ಬರೆದಿದೆ, ನೋಡಿ."

"ಕಪ್ಪಂಚಿನ ಕಾಗದ ಪೂರ್ತಿ ಯಾರು ಓದ್ತಾರೋ? ಹೆಸರು ನೋಡ್ತೀವಿ, ಅಳ್ತೀವಿ!"

ರಾಂಗೆಲ್ ಸೀದಾ ಬಾನೆಟ್ ಎತ್ತಿ ಸ್ಪ್ಯಾನರ್ ಹಿಡಿದ. "ನನ್ನ ಬ್ಯಾಟರಿ ಕೊಡು! ಬದುಕಿರೋನಿಗೆ ಹೊಸ ಬ್ಯಾಟರಿ ಯಾಕೆ?" ಅವನ ಹಿಂದೆ ಕನ್ನಡಿಯವನು, ದೀಪದವಳು, ಎಲ್ಲರೂ ಕೈ ಚಾಚಿದರು. ಕಾಲೊರಸಿನ ಮುದುಕಿಯೂ ಕಾಲೊರಸಿನ ತುದಿ ಹಿಡಿದಳು.

ಗೆಂಚೋ ಉಪ್ಪುನೀರು ಸೋರಿಸುತ್ತಾ ಕೆಳಗಿಳಿದ. ಜನ್ಮದಲ್ಲಿ ಮೊದಲ ಸಲ ಅಷ್ಟು ಜನರೆದುರು ಬಾಯಿ ಬಿಟ್ಟ. "ತಗೊಂಡು ಹೋಗಿ. ಎಲ್ಲಾ ತಗೊಂಡು ಹೋಗಿ. ನೀವು ಆಡಿದ ಮಾತು ಕೇಳಿದೆನಲ್ಲ, ನಂಗೆ ಅಷ್ಟೇ ಸಾಕು. ರಾಂಗೆಲ್, ನಿನ್ನ ಮಗಳು ನನ್ನ ಬ್ಯಾಟರಿಯಿಂದ ಹುಟ್ಟಿದಳು ಅಂತ ಗೊತ್ತಿದ್ರೆ ನಾನೇ ಇನ್ನೊಂದು ಕೊಡಿಸ್ತಿದ್ದೆ. ಆದ್ರೆ..." ಇಲ್ಲಿ ಅವನು ಕಾರಿನ ಮೈ ಸವರಿದ, "ಹತ್ತು ಮೀಟರು ಆದ ಮೇಲೆ ತಗೊಳ್ಳಿ. ಇದು ದೋನ್ಕಾ ಅಪ್ಪ ಅವಳಿಗೆ ಬಿಟ್ಟಿದ್ದು. ಹನ್ನೊಂದು ವರ್ಷ ಓಡುತ್ತೆ ಓಡುತ್ತೆ ಅಂತ ಅವಳಿಗೆ ಸುಳ್ಳು ಹೇಳಿದ್ದೀನಿ. ಒಂದು ಸಲ ನಿಜ ಮಾಡೋಕೆ ಬಿಡಿ."

ರಾಂಗೆಲ್‌ನ ಸ್ಪ್ಯಾನರು ತಿರುಗಲಿಲ್ಲ.

"ಯಾವ ಸುಳ್ಳು?" ಅಂತ ಹಿಂದಿನಿಂದ ಒಂದು ದನಿ ಬಂತು. ಎಲ್ಲರೂ ದಾರಿ ಬಿಟ್ಟರು. ದೋನ್ಕಾ. ಹದಿಮೂರು ದಿನ ದುಃಖದ ಮನೆಗೆ ತೊಂದರೆ ಬೇಡ ಅಂತ ಸುಮ್ಮನಿದ್ದ ವೆಲಿಚ್ಕಾ ಅತ್ತೆ, ಅವತ್ತು ಬೆಳಿಗ್ಗೆ ದೋನ್ಕಾಳ ಅಕ್ಕನ ಮನೆಗೆ ಫೋನು ಮಾಡಿ, "ಗೆಂಚೋದು ನಲವತ್ತು ದಿನದ ಊಟ ಹಳ್ಳೀಲೋ ಇಲ್ಲೋ?" ಅಂತ ಕೇಳಿದ್ದಳು. ಬೆಳಿಗ್ಗೆ ತಾನೇ ಗಂಡನನ್ನು ಬಸ್ಸು ಹತ್ತಿಸಿದ್ದ ದೋನ್ಕಾ, ಬಸ್ಸೇ ನದಿಗೆ ಬಿತ್ತು ಅಂದುಕೊಂಡು ಟೊಮೆಟೊ ಲಾರಿಯೊಂದನ್ನು ಅಡ್ಡಗಟ್ಟಿ ಬಂದಿದ್ದಳು. ಕರಿ ಬಟ್ಟೆ ಕಟ್ಟಲು ಹೊತ್ತಿಲ್ಲದೆ ಅರ್ಧ ತಲೆಗೆ ಸುತ್ತಿಕೊಂಡಿದ್ದಳು.

"ಸತ್ತಿದೀಯೋ ಇಲ್ವೋ?"

"ಇಲ್ಲ ದೋನ್ಕಾ."

"ನಿಜವಾಗ್ಲೂ?"

"ನಿಜವಾಗ್ಲೂ. ಆದ್ರೆ ಕಾರು ಓಡಲ್ಲ. ಯಾವತ್ತೂ ಓಡಿಲ್ಲ. ಮೊದಲ ದಿನದಿಂದಲೂ."

ದೋನ್ಕಾ ಗಂಡನ ಕಿವಿಯ ಮೇಲಿನ ಹೂಕೋಸು ತೆಗೆದಳು. ಆಮೇಲೆ ಒಂದು ಸಲ ಮೂಗೇರಿಸಿ, ನಗಲು ಶುರು ಮಾಡಿದಳು. "ಲೋ ದಡ್ಡ, ಅದು ನಮ್ಮಪ್ಪನ ಕಾಲದಲ್ಲೂ ಓಡ್ತಿರಲಿಲ್ಲ ಕಣೋ! ಹದಿನೈದು ವರ್ಷ ಅಂಗಳದಲ್ಲಿತ್ತು. ನಮ್ಮಮ್ಮಂಗೆ ಅವನೂ ಹೀಗೇ ಹೇಳ್ತಿದ್ದ: ಕಾರು ಕುದುರೆ ಹಾಗಿದೆ, ಪೆಟ್ರೋಲ್ ಬೆಲೆ ನೋಡಿದೀಯಾ ಅಂತ. ನೀನು ಹಾಗಂದಾಗೆಲ್ಲ ನಂಗೆ ನಮ್ಮಪ್ಪನೇ ಮನೇಲಿದಾನೆ ಅನ್ಸೋದು. ಸುಮ್ಮನೆ ಕೇಳಿಸ್ಕೊತಿದ್ದೆ."

ಇನ್ಸ್‌ಪೆಕ್ಟರ್ ಚವ್ದಾರ್ ಕೈಗಡಿಯಾರ ನೋಡಿಕೊಂಡ. "ಸಂತೋಷ. ಹತ್ತು ಮೀಟರು ಇದೆಯಾ, ಇಲ್ಲ ಕ್ರೇನಿನವನನ್ನ ಕರೆಸಿ ಕೊಕ್ಕೆ ಹಾಕಿಸಲಾ?"

"ಹಾಕ್ಸು ನೋಡೋಣ!" ಅಂದ ರಾಂಗೆಲ್, ಸ್ಪ್ಯಾನರು ತಿರುಗಿಸಿ. ಆದರೆ ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ. ಮೇಷ್ಟ್ರು ಎದ್ದು ಬಂದು ಕಾರ್ಬುರೇಟರಿಗೆ ಒಂದು ಉಸಿರು ಊದಿದರು. ಗೆಂಚೋ ಕಸೂತಿ ಗವಸಿನ ಸೀಟಿನ ಮೇಲೆ ಕೂತು ಕೀಲಿ ತಿರುಗಿಸಿದ.

ಕಾರು ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಮೂರನೇ ಸಲಕ್ಕೆ ಒಲೆ ಒಡೆದ ಹಾಗೆ ಒಂದು ಸದ್ದು, ಬ್ಲಾಕು ಮುಳುಗುವಷ್ಟು ಕಪ್ಪು ಹೊಗೆ, ಹೊಗೆಯೊಳಗಿಂದ ಗಡಗಡ ಗಡಗಡ! ಇಪ್ಪತ್ತಾರು ವರ್ಷ ಸತ್ತಿದ್ದ ಕಾರು ಎದ್ದಿತು. ಯಾಕೆ ಏಳಬಾರದು ಹೇಳಿ? ಇದ್ದ ಭಾಗಗಳು ಹಾಗೇ ಇದ್ದಿದ್ದರೆ ಅಲ್ಲೇ ತುಕ್ಕಾಗುತ್ತಿದ್ದವು. ಕದ್ದವರು ಪಾಪಪ್ರಜ್ಞೆಯಲ್ಲಿ ತಾವು ತೆಗೆದದ್ದಕ್ಕಿಂತ ಒಳ್ಳೆಯದನ್ನು ತಂದು ಹಾಕಿದ್ದರು. ಅಂಥ ಕಳ್ಳರು ನಿಮ್ಮ ಬೀದಿಗೂ ಸಿಗಲಿ.

ಕಾರು ಹೊರಟಿತು. ಮಕ್ಕಳು ಮುದುಕರು ಪಕ್ಕದಲ್ಲಿ ಓಡುತ್ತಾ ಎಣಿಸಿದೆವು. ಏಳು! ಎಂಟು! ಒಂಬತ್ತು! ಹತ್ತು! ಚವ್ದಾರ್ ಕೈ ಎತ್ತಿ "ಸಾಕು, ನಿಲ್ಲಿಸು!" ಅಂದ. ಗೆಂಚೋ ಬ್ರೇಕಿಗೆ ಕಾಲು ಹಾಕಿದ. ಕಾಲು ಕಾಲೊರಸಿನ ಮೇಲೆ ಹೋಗಿ ನಿಂತಿತು. ಅಲ್ಲಿ ಪೆಡಲೇ ಇರಲಿಲ್ಲ.

ಹನ್ನೊಂದು, ಹದಿನೈದು, ಮೂವತ್ತು. ದೋನ್ಕಾ "ನಿಲ್ಸೋ ಅಪ್ಪಾ!" ಅಂತ ಕಿರುಚುತ್ತಾ ಹಿಂದೆ. ಗೆಂಚೋ ಕಣ್ಣು ಮುಚ್ಚಿ ಸ್ಟಿಯರಿಂಗು ತಿರುಗಿಸಿದ. ಕಾರು ತಿಪ್ಪೆಡಬ್ಬಿಗಳನ್ನು ತಳ್ಳಿಕೊಂಡು ಹೋಗಿ, "ಇಲ್ಲಿ ವಾಹನ ನಿಲ್ಲಿಸಬಾರದು" ಅನ್ನುವ ಫಲಕಕ್ಕೆ ಮೆತ್ತಗೆ ಒರಗಿ, ಒಂದು ನಿಟ್ಟುಸಿರು ಬಿಟ್ಟು ನಿಂತಿತು.

ಚವ್ದಾರ್ ನಡೆದು ಬಂದ. ಹೇಳಿದ ಮಾತಿನಂತೆ ಜೇಬಿನಿಂದ ಬ್ಲೇಡು ತೆಗೆದು ತಾತನನ್ನೂ ಕೆಂಪು ಚೀಟಿಯನ್ನೂ ಕೆರೆದು ಹಾಕಿದ. ಆಮೇಲೆ ಫೈಲು ತೆರೆದು ಇನ್ನೊಂದು ಕಾಗದ ಬರೆದು ಕೊಟ್ಟ. ನಿಲುಗಡೆ ನಿಷೇಧದ ಜಾಗದಲ್ಲಿ ವಾಹನ ನಿಲ್ಲಿಸಿದ್ದಕ್ಕೆ ದಂಡ.

ಗೆಂಚೋ ಅದನ್ನು ಎರಡು ಸಲ ಓದಿದ. ಅಳು ತಡೆಯಲಾಗಲಿಲ್ಲ. "ವಾಹನ ಅಂತ ಬರ್ದಿದಾರೆ, ದೋನ್ಕಾ! ಸರಕಾರದ ಸೀಲು ಹಾಕಿ ವಾಹನ ಅಂತ ಬರ್ದಿದಾರೆ!" ಅಂದವನೇ ಇನ್ಸ್‌ಪೆಕ್ಟರನ್ನು ಉಪ್ಪುನೀರಿನ ಸಮೇತ ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ಚವ್ದಾರ್ ಇಪ್ಪತ್ತು ವರ್ಷದ ನೌಕರಿಯಲ್ಲಿ ದಂಡ ಹಾಕಿ ಮುತ್ತು ತಗೊಂಡಿದ್ದು ಅದೊಂದೇ ಸಲ. ಲಂಚ ಆಗುತ್ತೆ ಅಂತ ದೋನ್ಕಾ ತಂದುಕೊಟ್ಟ ಉಪ್ಪಿನಕಾಯಿ ಜಾಡಿ ಮನೆಗೆ ಒಯ್ಯಲಿಲ್ಲ, ಅಲ್ಲೇ ನಿಂತು ಖಾಲಿ ಮಾಡಿ ಹೋದ.

ಯಾರೂ ಏನೂ ವಾಪಸ್ ಬಿಚ್ಚಿಕೊಳ್ಳಲಿಲ್ಲ. ಆ ಭಾನುವಾರ ಗೆಂಚೋ ಮತ್ತು ದೋನ್ಕಾ ಎಂಟೂ ಮಹಡಿ ಹತ್ತಿ, ಪ್ರತಿ ಬಾಗಿಲಿಗೂ ಒಂದೊಂದು ಬಾಟಲಿ ಹೊಸ ಸಾರಾಯಿ ಕೊಟ್ಟರು. ಪ್ರತಿ ಬಾಗಿಲಲ್ಲೂ ಗೆಂಚೋ ಟೋಪಿ ತೆಗೆದು, "ಕದ್ದಿದ್ದಕ್ಕೆ ಬಹಳ ಉಪಕಾರವಾಯ್ತು" ಅಂದ. ಅದನ್ನು ಅವನು ಮನಸ್ಸಿಂದಲೇ ಅಂದ, ಕೊಂಕೇನೂ ಇರಲಿಲ್ಲ. ಕೇಳಿದವರೇ ನೆಲ ನೋಡಿದರು. ಈಗ ಪ್ರತಿ ಶನಿವಾರ ದೋನ್ಕಾಳನ್ನು ಕೂರಿಸಿಕೊಂಡು ಅಕ್ಕನ ಊರಿಗೆ ಹೋಗುತ್ತಾನೆ, ನಿಧಾನಕ್ಕೆ. ನಿಲ್ಲಬೇಕಾದಲ್ಲೆಲ್ಲ ಹಿಂದಿನ ಸೀಟಿನಲ್ಲಿ ಕೂತ ರಾಂಗೆಲ್ ಬಾಗಿಲು ತೆಗೆದು ಧುಮುಕಿ ಕಾರನ್ನು ಹಿಡಿದು ನಿಲ್ಲಿಸುತ್ತಾನೆ. ಎಷ್ಟು ದಿನ ಅಂತ ಹಿಡಿಯುತ್ತಾನೆ ಹೇಳಿ, ಅವನಿಗೂ ಸೊಂಟ ಇದೆ.

ಆ ಬ್ರೇಕಿನ ಪೆಡಲು ಇನ್ನೂ ಬಂದಿಲ್ಲ ನೋಡಿ. ಬ್ಲಾಕಿನಲ್ಲಿ ಎಲ್ಲರೂ ಆಣೆ ಇಟ್ಟಾಯಿತು, ಯಾರ ಹತ್ತಿರವೂ ಇಲ್ಲ. ಅಂದರೆ ಹೊರಗಿನವರು ಯಾರೋ. ಒಳ್ಳೆ ಗಟ್ಟಿ ಕಬ್ಬಿಣ, ಅಕ್ರೋಟು ಒಡೆಯೋಕೆ ಹೇಳಿ ಮಾಡಿಸಿದ ಹಾಗಿರುತ್ತೆ. ನಾನು ನಿಮ್ಮನ್ನು ಏನೂ ಅನ್ನುತ್ತಿಲ್ಲ. ಬ್ರೇಕಿನ ಮಾತು ಬಂದಾಗಿನಿಂದ ನೀವು ಯಾಕೆ ನಿಮ್ಮ ಬೂಟು ನೋಡಿಕೊಳ್ಳುತ್ತಿದ್ದೀರಿ ಅಂತಲೂ ಕೇಳುತ್ತಿಲ್ಲ. ಶುಕ್ರವಾರದೊಳಗೆ ತಂದು ಕಾರಿನ ಸೀಟಿನ ಮೇಲಿಟ್ಟು ಹೋಗಿ. ಬಾಗಿಲಿಗೆ ಬೀಗ ಇಲ್ಲ, ಕಿಟಕಿಯಲ್ಲಿ ಯಾರೂ ಇಣುಕುವುದಿಲ್ಲ. ತರುವಾಗ ಒಂದಿಷ್ಟು ಅಕ್ರೋಟೂ ಇರಲಿ.